ಗುಡ್ಡದಲ್ಲಿ ಚಿಗರಿ ಹುಡುಕಿದವರು

ನಮ್ಮ ವಾಡೆಯಲ್ಲಿ ಎಣ್ಣೆಗೆ ಎರಡು ಥರದ ನ್ಯಾಯ ಇತ್ತು. ಹೆಣ್ಣುಮಕ್ಕಳ ತಲೆಗೆ ಹಚ್ಚುವ ಎಣ್ಣೆಯನ್ನು ಬಡೀ ಅಮ್ಮಾ, ಅಂದರೆ ನನ್ನ ದೊಡ್ಡಪ್ಪನ ಹೆಂಡತಿ, ಅಂಗೈಯಲ್ಲಿ ಹನಿ ಹನಿ ಸುರಿದು ಕೊಡುತ್ತಿದ್ದರು. ಇನ್ನೊಂದು ಹನಿ ಕೇಳಿದರೆ ಶೀಶೆಯ ಬಿರಡೆ ಮುಚ್ಚಿಬಿಡುತ್ತಿದ್ದರು. ದಿವಾನಖಾನೆಯ ಗೋಡೆಯ ಮೇಲಿದ್ದ ಬಂದೂಕಿಗೆ ಹಚ್ಚುವ ಎಣ್ಣೆಗೆ ಮಾತ್ರ ಕೇಳುವವರಿರಲಿಲ್ಲ. ಶುಕ್ರವಾರ ಮಸೀದಿಯಿಂದ ಬಂದು ಊಟ ಮುಗಿಸಿದ ಬಡೇ ಅಬ್ಬಾ, ಅಂದರೆ ನನ್ನ ದೊಡ್ಡಪ್ಪ, ಅದನ್ನು ಇಳಿಸಿ, ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಹಳೆಯ ಮಲ್ಮಲ್ ಬಟ್ಟೆಯಿಂದ ಸಂಜೆಯ ತನಕ ಉಜ್ಜುತ್ತಿದ್ದರು. ಪಕ್ಕದಲ್ಲಿ ನನ್ನ ಅಬ್ಬಾ ಒಂದು ಚಾಕುವನ್ನು ಸಾಣೆಗೆ ತಿಕ್ಕುತ್ತ ಕೂತಿರುತ್ತಿದ್ದರು. ಅಣ್ಣನಿಗೆ ಬಂದೂಕು, ತಮ್ಮನಿಗೆ ಚಾಕು. ನಮ್ಮ ಮನೆಯ ಆಸ್ತಿ ಪಾಲಾಗಿದ್ದು ಹಾಗೆ. ಗುಂಡು ತಾಗಿ ಬಿದ್ದ ಪ್ರಾಣಿ ಜೀವ ಬಿಡುವ ಮೊದಲೇ ಯಾರಾದರೂ ಓಡಿಹೋಗಿ, ದೇವರ ಹೆಸರು ಹೇಳಿ ಕತ್ತು ಕೊಯ್ಯಬೇಕು. ಸತ್ತ ಮೇಲಾದರೆ ಅದು ನಮಗೆ ತಿನ್ನಲು ಬರುವುದಿಲ್ಲ. ಆ ಓಡುವ ಕೆಲಸ ಅಬ್ಬಾನದು. ಆದರೆ ನಾನು ಹುಟ್ಟಿದಾಗಿನಿಂದ ಅವರು ಓಡಬೇಕಾದ ಪ್ರಸಂಗವೇ ಬಂದಿರಲಿಲ್ಲ. ಅಣ್ಣತಮ್ಮ ಇಬ್ಬರೂ ಸೇರಿ ಆ ಎರಡು ವಸ್ತುಗಳಿಂದ ಒಂದು ಇಲಿಯನ್ನೂ ಕೊಂದವರಲ್ಲ.

ನೆಲೋಗಿಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಎಲ್ಲರೂ ನಮ್ಮ ಮನೆಗೆ ಜಾಗೀರದಾರರ ವಾಡೆ ಅನ್ನುತ್ತಿದ್ದರು. ಜಾಗೀರು ದಾದಾನ, ಅಂದರೆ ನನ್ನ ಅಜ್ಜನ, ಕಾಲದಲ್ಲೇ ಹೋಗಿತ್ತು, ಉಳಿದಿದ್ದು ಹೆಸರು ಮತ್ತು ಮುಂಬಾಗಿಲು. ಬಾಗಿಲು ಆನೆ ಒಳಗೆ ಬರುವಷ್ಟು ದೊಡ್ಡದು. ಒಳಗೆ ಬಂದ ಆನೆಗೆ ನಿಲ್ಲಲು ಜಾಗ ಇರಲಿಲ್ಲ, ಯಾಕೆಂದರೆ ಹಿಂದಿನ ಅರ್ಧ ಮನೆಯ ಮಾಳಿಗೆ ಕುಸಿದು ಬಿದ್ದಿತ್ತು. ಮುಂದಿನ ಗಟ್ಟಿ ಕೋಣೆ ದಿವಾನಖಾನೆ, ಅಲ್ಲಿ ಗಂಡಸರು ಲೋಡಿಗೆ ಒರಗಿ ದಾದಾನ ಬಗ್ಗೆ ಮಾತಾಡುತ್ತಿದ್ದರು. ಸೋರುವ ಕೋಣೆ ಅಡುಗೆಮನೆ, ಅಲ್ಲಿ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಈ ಎರಡರ ನಡುವಿನ ಅಂಗಳದಲ್ಲಿ ಬಡೀ ಅಮ್ಮಾ ಬಕ್ರೀದಿಗೆಂದು ಸಾಕಿದ ಕರಿ ಹೋತ ಕಟ್ಟಿರುತ್ತಿತ್ತು. ಅದರ ಹೆಸರು ಶಹಜಾದಾ. ನಮಗೆ ರೊಟ್ಟಿಯ ಮೇಲೆ ಬೆಣ್ಣೆ ಕಾಣದ ದಿನವೂ ಶಹಜಾದಾನಿಗೆ ನೆನೆಸಿದ ಕಡಲೆ ತಪ್ಪುತ್ತಿರಲಿಲ್ಲ. ಮನೆಯೊಳಗೆ ನಾವು ಆಡುತ್ತಿದ್ದುದು ದಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಬರೆಯುವಾಗ ನನಗೆ ಎರಡೂ ಕನ್ನಡವಾಗಿಯೇ ಬರುತ್ತವೆ, ಆದ್ದರಿಂದ ಹಾಗೇ ಬರೆಯುತ್ತೇನೆ.

ದಾದಾ ತಾರುಣ್ಯದಲ್ಲಿ ಯಾರದೋ ಅತಿಥಿಯಾಗಿ ಆಳಂದದಾಚೆಯ ಗುಡ್ಡಗಳಿಗೆ ಶಿಕಾರಿಗೆ ಹೋಗಿ ಒಂದು ಚಿಗರಿ, ಅಂದರೆ ಕೃಷ್ಣಮೃಗ, ಹೊಡೆದು ತಂದಿದ್ದರಂತೆ. ಹೇಗೆ ತಂದರು, ಅಲ್ಲಿ ಹೊಡೆದರೋ ದಾರಿಯಲ್ಲಿ ಹೊಡೆದರೋ, ಯಾರೂ ಕೇಳಿರಲಿಲ್ಲ. ಅವತ್ತಿನಿಂದ ನಮ್ಮ ಮನೆಯ ಗಂಡಸರು ವರ್ಷಕ್ಕೊಮ್ಮೆ, ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ, ಜೀಪು ಮಾಡಿಕೊಂಡು ಭೀಮಾ ದಾಟಿ, ಅಫಜಲಪುರ ದಾಟಿ, ಆಳಂದದ ಗುಡ್ಡಕ್ಕೆ ಚಿಗರಿ ಹುಡುಕಿಕೊಂಡು ಹೋಗುವುದು. ಚಿಗರಿ ಗುಡ್ಡದ ಪ್ರಾಣಿಯೇ ಅಲ್ಲ. ಅದು ಬಯಲಿನದು. ಚಳಿಗಾಲದಲ್ಲಿ ನಮ್ಮದೇ ಕಡಲೆ ಹೊಲಕ್ಕೆ ಹಿಂಡು ಹಿಂಡಾಗಿ ಬಂದು, ನಾವು ಡಬ್ಬಿ ಬಡಿದು ಕೂಗಿದರೂ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಒಮ್ಮೆ ನಾನು ಇದನ್ನು ಹೇಳಿದೆ.

"ಬಡೇ ಅಬ್ಬಾ, ಚಿಗರಿ ಇಲ್ಲೇ ಹೊಲದಾಗ ಅವಲ್ಲ?"

"ಇವು ಚಿಗರಿ ಅಲ್ಲ ಬೇ, ಕಳ್ಳರು. ಖಾನದಾನಿ ಶಿಕಾರಿ ಅಂದ್ರ ಗುಡ್ಡದಾಗ."

ಚಿಗರಿ ಹೊಡೆದರೆ ಜೈಲು ಅನ್ನುವ ಕಾನೂನು ಬಂದು ಎಷ್ಟೋ ಕಾಲವಾಗಿತ್ತು. ಅದು ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಮೀಸೆ ತಿರುವುತ್ತಿದ್ದರು. ತಪ್ಪು ಮಾಡಿ ಮುಚ್ಚಿಡುವವರನ್ನು ನಾನು ವ್ಯಾಪಾರದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಮಾಡಲಾಗದ ತಪ್ಪನ್ನು ಮಾಡಿದ್ದೇವೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವರನ್ನು ಕಂಡಿದ್ದು ನಮ್ಮ ಮನೆಯಲ್ಲಿ ಮಾತ್ರ.

ಆ ಶಿಕಾರಿಯ ಜೊತೆ ಒಂದು ಪದ್ಧತಿಯೂ ಇತ್ತು, ಅದನ್ನು ನಾವು ಮುರಾದು ಅನ್ನುತ್ತಿದ್ದೆವು. ಶಿಕಾರಿ ಮನೆಗೆ ಬಂದ ದಿನ, ಮಾಂಸ ಹೊಸ್ತಿಲು ದಾಟುವ ಮೊದಲು, ಮನೆಯ ಹೆಣ್ಣುಮಕ್ಕಳಲ್ಲಿ ಒಬ್ಬರು ಬಾಗಿಲಲ್ಲಿ ನಿಂತು ಒಂದು ಬೇಡಿಕೆ ಬೇಡಬೇಕು, ಬಂದೂಕು ಹಿಡಿದವರು ಇಲ್ಲ ಅನ್ನುವಂತಿಲ್ಲ. ದಾದಾ ಚಿಗರಿ ತಂದ ದಿನ ದಾದಿ ಬಂಗಾರದ ಬುಗುಡಿ ಬೇಡಿದ್ದರಂತೆ, ಬಂದಿತ್ತಂತೆ. ಆಮೇಲೆ ಯಾರಿಗೂ ಬೇಡುವ ಸಂದರ್ಭ ಬರಲಿಲ್ಲ. ಅಮ್ಮನಿಗೆ ಸೋರದ ಅಡುಗೆಮನೆ ಬೇಕಿತ್ತು, ಬಡೀ ಅಮ್ಮಾಗೆ ತವರಿಗೆ ಹೋಗಿ ಇದ್ದು ಬರಬೇಕಿತ್ತು. ಇಬ್ಬರೂ ಪ್ರತಿ ವರ್ಷ ಮಸಾಲೆ ಅರೆದಿಟ್ಟುಕೊಂಡು ಕಾಯುತ್ತಿದ್ದರು, ಪ್ರತಿ ವರ್ಷ ಅದೇ ಮಸಾಲೆಗೆ ಬದನೆಕಾಯಿ ಹಾಕುತ್ತಿದ್ದರು. ನಾನು ಈಗ ಜೇವರ್ಗಿಯಲ್ಲಿ ಚಾದರ, ಪರದೆ, ಹಾಸಿಗೆ ಬಟ್ಟೆಯ ಅಂಗಡಿ ಇಟ್ಟಿದ್ದೇನೆ. ಹೊಸದಾಗಿ ಮದುವೆಯಾದ ಹುಡುಗಿಯರು ಬರುತ್ತಾರೆ, ಚಾದರದ ಜೊತೆ ಬುದ್ಧಿಮಾತನ್ನೂ ಕಟ್ಟಿಕೊಡುತ್ತೇನೆ. ಎದುರಿನವರು ಕೊಟ್ಟ ಮಾತಿಗೆ ಒಂದು ಶರತ್ತು ಹಾಕಿದ್ದರೆ, ಮೊದಲು ಆ ಶರತ್ತು ನಡೆಯುವಂಥದ್ದೋ ಅಲ್ಲವೋ ನೋಡಿಕೊಳ್ಳಿ ಅನ್ನುತ್ತೇನೆ. ನಮ್ಮ ಮನೆಯ ಹೆಂಗಸರು ಅದನ್ನು ನೋಡಲಿಲ್ಲ. ಗುಡ್ಡದಲ್ಲಿ ಚಿಗರಿ ಬೀಳುವ ದಿನಕ್ಕೆ ತಮ್ಮ ಆಸೆಯನ್ನೆಲ್ಲ ಗಂಟು ಕಟ್ಟಿಟ್ಟಿದ್ದರು.

ನಾನು ಏಳನೇ ಇಯತ್ತೆ ಪಾಸಾದ ವರ್ಷ ಆ ಗಂಟಿಗೆ ನನ್ನದೂ ಒಂದು ಸೇರಿತು. ನಮ್ಮೂರ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಹೈಸ್ಕೂಲಿಗೆ ಬಸ್ಸಿನಲ್ಲಿ ಜೇವರ್ಗಿಗೆ ಹೋಗಬೇಕು. ಬಡೇ ಅಬ್ಬಾನ ಮಗಳು ಶಮೀಮ್ ನನ್ನ ಜೊತೆಯವಳು, ಅವಳೂ ಪಾಸಾಗಿದ್ದಳು. ಅವಳು ಕೇಳುವ ಧೈರ್ಯ ಮಾಡಲಿಲ್ಲ, ನಾನು ಮಾಡಿದೆ. ಬಡೇ ಅಬ್ಬಾ ಬಂದೂಕು ಉಜ್ಜುವುದನ್ನು ನಿಲ್ಲಿಸದೆ ಹೇಳಿದರು.

"ಜಾಗೀರದಾರರ ಹುಡುಗಿ ಬಸ್ಸಿನಾಗ ಕಂಬಿ ಹಿಡ್ಕೊಂಡು ನಿಲ್ಲಬೇಕೇನು? ಮಂದಿ ಏನಂದಾರು?"

ನಾನು ಅಬ್ಬಾನ ಕಡೆ ನೋಡಿದೆ. ಅಬ್ಬಾ ಚಾಕುವಿನ ಅಲಗನ್ನು ಹೆಬ್ಬೆರಳಿಂದ ಮುಟ್ಟಿ ನೋಡಿ,

"ಭಾಯಿಜಾನ್ ಹೇಳೋದು ಖರೇನೇ ಅದ" ಅಂದರು.

ಅಷ್ಟೇ. ಅಷ್ಟು ಹರಿತವಾದ ಚಾಕು ಇಟ್ಟುಕೊಂಡ ಮನುಷ್ಯ ಅಷ್ಟು ಮೊಂಡಾಗಿ ಮಾತಾಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಶಾಲೆಗಳು ಶುರುವಾಗಲು ಕೆಲವೇ ದಿನ ಉಳಿದಿದ್ದವು. ಆ ವಾರದಲ್ಲೇ ಮೊದಲ ಮಳೆ ಬಿತ್ತು, ಶಿಕಾರಿಯ ದಿನ ನಿಕ್ಕಿಯಾಯಿತು.

ಹಿಂದಿನ ವರ್ಷ ಕಟ್ಟಿಕೊಂಡು ಹೋದ ಬುತ್ತಿ ಹಳಸಿ ಗಂಡಸರ ಹೊಟ್ಟೆ ಕೆಟ್ಟಿತ್ತು. ಅದಕ್ಕೆ ಈ ಸಲ ಅಡುಗೆಯವರನ್ನೇ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಅಡುಗೆಯವರು ಅಂದರೆ ಬಡೀ ಅಮ್ಮಾ, ಅಮ್ಮ, ಶಮೀಮ್, ನಾನು. ಜೇವರ್ಗಿಯ ಜೀಪಿನವರು ನಮ್ಮ ಮನೆಯ ಸವಾರಿ ಅಂದರೆ ಟೈರು ಪಂಚರ್ ಆಗಿದೆ ಅನ್ನುತ್ತಿದ್ದರು. ಹೀಗಾಗಿ ಆಳಂದದಿಂದ ಸಿದ್ರಾಮ ಅನ್ನುವವನ ಜೀಪು ಹೇಳಿ ತರಿಸಿದ್ದರು. ಬೆಳಕು ಹರಿಯುವ ಮೊದಲೇ ಹೊರಟೆವು. ಮುಂದಿನ ಸೀಟಿನಲ್ಲಿ ಬಡೇ ಅಬ್ಬಾ, ಅವರ ತೊಡೆಯ ಮೇಲೆ ಬಂದೂಕು. ಅವರಿಗೆ ಒತ್ತಿಕೊಂಡು ಅಬ್ಬಾ, ಅವರ ಸೊಂಟದಲ್ಲಿ ಚಾಕು. ಹಿಂದೆ ನಾವು ನಾಲ್ವರು, ಜಮಖಾನ, ತಾಮ್ರದ ದೇಗ್ಚಿ, ಕಟ್ಟಿಗೆ, ಮಸಾಲೆ ಡಬ್ಬಿ, ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಬೇಯಿಸಿದ ತತ್ತಿ. ತತ್ತಿ ಯಾಕೆಂದು ಶಮೀಮ್ ಕೇಳಿದಳು. ಬಡೀ ಅಮ್ಮಾ,

"ನಿಮ್ಮ ಅಬ್ಬಾ ಶಿಕಾರಿ ಮಾಡ್ತಾರಲ್ಲ, ಅದಕ್ಕ" ಅಂದರು.

ಅಫಜಲಪುರದಲ್ಲಿ ಸುಸಲಾ, ಮಿರ್ಚಿ ಭಜಿ ತಿಂದೆವು. ಹೋಟೆಲಿನವನು ಬಂದೂಕು ನೋಡಿ ಎಲ್ಲಿಗೆ ಅಂದ. ಬಡೇ ಅಬ್ಬಾ ಇಡೀ ಹೋಟೆಲಿಗೆ ಕೇಳುವ ಹಾಗೆ ಚಿಗರಿ ಶಿಕಾರಿಗೆ ಅಂದರು. ಪಕ್ಕದಲ್ಲಿ ಖಾಕಿ ಪ್ಯಾಂಟಿನವನೊಬ್ಬ ಚಹಾ ಕುಡಿಯುತ್ತಿದ್ದ. ಅವನು ತಲೆ ಎತ್ತಿದ್ದೇ ತಡ ಬಡೇ ಅಬ್ಬಾ ಬಂದೂಕನ್ನು ಜಮಖಾನದಲ್ಲಿ ಸುತ್ತಿಸಿ, ಪೀರನ ದರ್ಗಾಕ್ಕೆ ಹೊರಟಿದ್ದೇವೆ ಅಂದರು. ಆ ಮನುಷ್ಯ ಬಸ್ ಡ್ರೈವರ್ ಆಗಿದ್ದ.

ಗುಡ್ಡ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಎರೆಮಣ್ಣಿನ ಬಯಲಲ್ಲಿ ಬೆಳೆದ ನನಗೆ ನೆಲ ಹಾಗೆ ಏಳುವುದು, ಇಳಿಯುವುದು ಹೊಸತು. ಕೆಂಪು ಕಲ್ಲಿನ ಇಳಿಜಾರಿನ ಮೇಲೆ ಸೀತಾಫಲದ ಗಿಡಗಳು ಚಿಗುರಿದ್ದವು, ಕೆಳಗೆ ಹಳ್ಳದಲ್ಲಿ ಹೊಸ ನೀರು ಬಂದಿತ್ತು, ಆಚೆ ಮಹಾರಾಷ್ಟ್ರದ ಕಡೆಯ ಗುಡ್ಡಗಳು ಒಂದರ ಹಿಂದೊಂದು ನೀಲಿಯಾಗಿ ನಿಂತಿದ್ದವು. ಅಂಥ ಜಾಗದಲ್ಲಿ ನಮ್ಮ ಗಂಡಸರು ಏನು ಮಾಡಿದರು? ನಾವು ಜಮಖಾನ ಹಾಸಿಕೊಟ್ಟೆವು, ಅದರ ಮೇಲೆ ಒರಗಿದರು. ಬಡೇ ಅಬ್ಬಾ ದುರ್ಬೀನು ಹಿಡಿದು ಎದುರಿನ ಇಳಿಜಾರನ್ನು ನೋಡುತ್ತ, ದಾದಾ ನಿಂತು ಹೊಡೆದ ಬಂಡೆ ಇದೇ ಅಂತ ಒಂದು ಬಂಡೆ ತೋರಿಸಿದರು. ಹಿಂದಿನ ವರ್ಷ ಬೇರೆ ಬಂಡೆ ತೋರಿಸಿದ್ದರೆಂದು ಅಬ್ಬಾಗೂ ಗೊತ್ತಿತ್ತು. ನಾವು ಕಲ್ಲು ಹೂಡಿ ಒಲೆ ಮಾಡಿ, ಖಾಲಿ ದೇಗ್ಚಿ ಇಟ್ಟು ಕೂತೆವು. ಮಧ್ಯಾಹ್ನವಾಯಿತು. ತತ್ತಿ ತಿಂದಾಯಿತು. ಬಡೇ ಅಬ್ಬಾ ಒಂದು ನಿದ್ದೆ ತೆಗೆದು ಎದ್ದು, ಮುಖ ತೊಳೆದು, ದುರ್ಬೀನು ಹಚ್ಚಿ, ಹಾಗೇ ಸ್ತಬ್ಧರಾದರು.

"ಕರಿ ಚಿಗರಿ" ಅಂದರು ಪಿಸುಮಾತಲ್ಲಿ. "ಕೋಡು ನೋಡು, ಕೋಡು. ಗಂಡು."

ಎದುರಿನ ಪೊದೆಯಲ್ಲಿ ಕಪ್ಪಗೇನೋ ಅಲುಗಾಡುತ್ತಿದ್ದುದು ನನಗೂ ಕಂಡಿತು. ಬಡೇ ಅಬ್ಬಾ ಬಿಸ್ಮಿಲ್ಲಾ ಅಂದು ಹಾರಿಸಿದರು. ಅವರು ಹಿಂದಕ್ಕೆ ಬಿದ್ದರು, ಅದೂ ಬಿತ್ತು. ಅಬ್ಬಾ ಓಡಿದರು. ಜೀವಮಾನದಲ್ಲಿ ಮೊದಲ ಸಲ ತಮ್ಮ ಕೆಲಸ ಬಂತೆಂದು ಚಾಕು ಹಿಡಿದು, ಚಪ್ಪಲಿ ಬಿಟ್ಟು, ಮುಳ್ಳು ಕಲ್ಲು ನೋಡದೆ ಇಳಿಜಾರಲ್ಲಿ ಓಡಿದರು. ಪೊದೆಯ ಹತ್ತಿರ ಹೋಗಿ ನಿಂತುಬಿಟ್ಟರು. ಅಲ್ಲಿಂದ ಕೂಗಿದರು.

"ಭಾಯಿಜಾನ್! ಇದರ ಕೊಳ್ಳಾಗ ಗಂಟಿ ಅದ!"

ಬಡೇ ಅಬ್ಬಾ ಕೂತಲ್ಲಿಂದಲೇ ಕೂಗಿದರು.

"ಮೊದಲು ಹಲಾಲ್ ಮಾಡು! ಗಂಟಿ ಆಮ್ಯಾಲ ನೋಡೋಣು!"

ಅಬ್ಬಾ ಮಾಡಿದರು. ಹೇಳಿದ್ದನ್ನು ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಾವೆಲ್ಲ ಇಳಿದು ಹೋಗಿ ನೋಡಿದರೆ, ಕೊಬ್ಬಿದ ಕರಿ ಹೋತ. ಕೋಡು ಚೆನ್ನಾಗಿದ್ದವು, ಅದೊಂದು ನಿಜ. ಅಷ್ಟರಲ್ಲಿ ಹಳ್ಳದ ಕಡೆಯಿಂದ ಅದರ ಒಡತಿ ಬಂದಳು, ಕುಡುಗೋಲು ಕಟ್ಟಿದ ಉದ್ದನೆಯ ಕೋಲು ಹಿಡಿದು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ. ಹೆಸರು ಮಾಳವ್ವ ಅಂತ ಆಮೇಲೆ ಗೊತ್ತಾಯಿತು.

"ಯಾವಾವ್ನೋ ಅವ್ನು? ನನ್ನ ಹೋತ ಹೊಡದಾವ್ ಯಾವಾವ್ನು?"

ಬಡೇ ಅಬ್ಬಾ ಟೋಪಿ ಸರಿ ಮಾಡಿಕೊಂಡರು.

"ಸಮಾ ಮಾತಾಡು ಬೇ. ನಾವು ಜಾಗೀರದಾರರು."

"ಜಾಗೀರದಾರರಾದ್ರ? ನನ್ನ ಹೋತ ನಿಮ್ಮ ಜಾಗೀರೇನ್ರಿ?"

"ಚಿಗರಿ ಅಂತ ತಿಳದು..."

"ಚಿಗರಿ ಕೊಳ್ಳಾಗ ಗಂಟಿ ಕಟ್ಗೊಂಡು ಅಡ್ಯಾಡ್ತದೇನ್ರಿ ಯಪ್ಪಾ? ಈ ಗುಡ್ಡದಾಗ ಚಿಗರಿ ನಾ ನೋಡಿಲ್ಲ, ನಮ್ಮವ್ವ ನೋಡಿಲ್ಲ. ಚಿಗರಿ ಬೇಕಾದ್ರ ಕೆಳಗ ಬಯಲಿಗಿ ಹೋಗ್ರಿ, ಎರಿ ಹೊಲದಾಗ. ಇಲ್ಲಿ ಮ್ಯಾಲ ಬಂದು ಬಡವರ ಆಡಿನ ಮ್ಯಾಲ ಯಾಕ ನಿಮ್ಮ ಮರ್ದಾನಗಿ?"

ಸಿದ್ರಾಮ ಜೀಪಿನ ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿದ. ಅವನ ಭುಜ ಅಲುಗುತ್ತಿದ್ದವು. ಬಡೇ ಅಬ್ಬಾ ಮೊದಲು ಗದರಿಸಿದರು, ಆಮೇಲೆ ಪರಿಚಯದ ದೊಡ್ಡವರ ಹೆಸರು ಹೇಳಿದರು, ಆಮೇಲೆ ನಮ್ಮ ದಾದಾ ಯಾರು ಗೊತ್ತೇನು ಅಂದರು. ಮಾಳವ್ವ ಮೂರಕ್ಕೂ ಒಂದೇ ಉತ್ತರ ಕೊಟ್ಟಳು.

"ಕೆಳಗ ಊರಾಗ ಗೌಡ್ರ ಕಟ್ಟಿಗಿ ನಡೀರಿ. ಜಾಗೀರದಾರರು ಗಂಟಿ ಕಟ್ಟಿದ ಹೋತ ಹೊಡದಾರ ಅಂತ ನಾಕ ಮಂದಿ ಮುಂದ ಹೇಳ್ರಿ."

ಬಡೇ ಅಬ್ಬಾನ ಮುಖ ಬಿಳಿಚಿತು. ಅಬ್ಬಾ ರಕ್ತದ ಚಾಕು ಹಿಡಿದು ಅಣ್ಣನ ಮುಖ ನೋಡುತ್ತ ನಿಂತಿದ್ದರು. ಒಂದು ಹೆಂಗಸು, ಒಂದು ಹೋತ, ಇಷ್ಟೇ ಇದ್ದದ್ದು. ಇಷ್ಟನ್ನು ಬಗೆಹರಿಸುವ ಶಕ್ತಿ ಅಷ್ಟು ದೊಡ್ಡ ಬಾಗಿಲಿನ ಮನೆಯ ಗಂಡಸರಿಗೆ ಇರಲಿಲ್ಲ. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯಾಯಿತು. ನಾನು ಮಾಳವ್ವನ ಹತ್ತಿರ ಹೋದೆ. ನನ್ನ ಅನುಭವದ ಮಾತು: ಕಳೆದುಕೊಂಡವರ ಎದುರು ನಿಂತಾಗ ನೀವು ಯಾರು ಅಂತ ಹೇಳಬೇಡಿ, ಅವರದು ಏನು ಹೋಯಿತು ಅಂತ ಕೇಳಿ. ಅರ್ಧ ಚೌಕಾಸಿ ಅಲ್ಲೇ ಮುಗಿಯುತ್ತದೆ.

"ಯವ್ವಾ, ಹಿಂಡಿಗಿ ಇದೊಂದೇ ಹೋತ ಇತ್ತೇನು?"

ಅವಳು ನನ್ನ ಕಡೆ ತಿರುಗಿದಳು. ದನಿ ಇಳಿಯಿತು.

"ಒಂದೇ ನೋಡು ಮಗಾ. ಇಷ್ಟು ಆಡಿಗಿ ಇದೊಂದೇ ಗಂಡು."

"ನಿನಗ ರೊಕ್ಕ ಬೇಕೋ, ಹೋತ ಬೇಕೋ?"

"ರೊಕ್ಕ ತಗೊಂಡು ಯಾವ ಸಂತ್ಯಾಗ ಹುಡುಕ್ಲಿ? ಅಷ್ಟರಾಗ ಆಡಿನ ಹಂಗಾಮು ಹೋಗ್ತದ. ನನಗ ಹೋತ ಬೇಕು. ಇಂಥದೇ ಬೇಕು."

ಇಂಥದೇ ಒಂದು ನಮ್ಮ ಅಂಗಳದಲ್ಲಿ ಕಡಲೆ ತಿನ್ನುತ್ತ ನಿಂತಿತ್ತು. ನಾನು ಬಡೀ ಅಮ್ಮಾನನ್ನು ಕೈ ಹಿಡಿದು ಸೀತಾಫಲದ ಗಿಡದ ಮರೆಗೆ ಕರೆದುಕೊಂಡು ಹೋದೆ.

"ಬಡೀ ಅಮ್ಮಾ, ಶಹಜಾದಾನ್ನ ಕೊಡ್ರಿ."

"ಹುಚ್ಚಿಯೇನು ನೀ? ಬಕ್ರೀದಿಗಿ ಸಾಕೀನಿ ಅದನ್ನ. ಇವರು ಕಣ್ಣು ಮುಚ್ಚಿ ಹೊಡದಿದ್ದಕ್ಕ ನಾ ಯಾಕ ಕೊಡ್ಲಿ?"

"ಕೊಟ್ರ ಶಮೀಮ್ ಹೈಸ್ಕೂಲಿಗಿ ಹೋಗ್ತಾಳ."

ಬಡೀ ಅಮ್ಮಾ ದೂರ ನಿಂತಿದ್ದ ಶಮೀಮಳ ಕಡೆ ನೋಡಿದರು. ಮಗಳನ್ನು ಕಳಿಸುವ ಆಸೆ ಅವರಿಗಿದೆ ಎಂದು ನನಗೆ ಗೊತ್ತಿತ್ತು. ಶಮೀಮಳ ಮಾರ್ಕ್ಸ್ ಕಾರ್ಡನ್ನು ಅವರು ಖುರಾನಿನ ಪಕ್ಕದ ಗೂಡಿನಲ್ಲಿ ಇಟ್ಟಿದ್ದರು.

"ಹ್ಯಾಂಗ?"

"ಮನಿ ಬಾಗಿಲಾಗ. ನಾ ಮುರಾದು ಬೇಡ್ತೀನಿ."

"ಮುರಾದು ಚಿಗರಿ ಬಿದ್ರ, ಹುಡುಗಿ. ಇದು ಹೋತ."

"ಊರು ಬರೋದ್ರಾಗ ಇದು ಚಿಗರಿ ಆಗ್ತದ, ಬಡೀ ಅಮ್ಮಾ. ನಾವೇನೂ ಮಾಡೋದು ಬ್ಯಾಡ. ಅವರೇ ಮಾಡ್ತಾರ. ನೋಡ್ರಿ ಅಲ್ಲಿ."

ಬಡೀ ಅಮ್ಮಾ ಗಿಡದ ಸಂದಿಯಿಂದ ಗಂಡನನ್ನು ನೋಡಿದರು. ಆ ಸ್ಥಿತಿಯಲ್ಲೂ ಬಡೇ ಅಬ್ಬಾ ಬಗ್ಗಿ ಗೇಣಿಂದ ಹೋತದ ಕೋಡು ಅಳೆಯುತ್ತಿದ್ದರು. ಬಡೀ ಅಮ್ಮಾ ದುಪಟ್ಟದಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಮರೆಯಿಂದ ಹೊರಗೆ ಬಂದು, ಗಂಡನನ್ನು ಕೇಳದೆ, ಮಾಳವ್ವನ ಎದುರು ನಿಂತು ಹೇಳಿದರು.

"ನನ್ನ ಹತ್ರ ಒಂದು ಹೋತ ಅದ. ಇದಕ್ಕಿಂತ ಚಲೋದು. ನಾಳಿಗಿ ಈ ಸಿದ್ರಾಮ ತಂದು ಮುಟ್ಟಸ್ತಾನ."

ಮಾಳವ್ವ ನಂಬಿಕೆಯ ಮೇಲೆ ಬಿಡುವವಳಲ್ಲ, ಅವಳ ಬಗ್ಗೆ ನನಗೆ ಇವತ್ತಿಗೂ ಗೌರವ. ದುರ್ಬೀನು ಮತ್ತು ಜಮಖಾನ ಒತ್ತೆ ಇಟ್ಟುಕೊಂಡಳು. ಸತ್ತ ಹೋತದ ಚರ್ಮ, ತಲೆ, ಗಂಟೆ ತನ್ನವೇ ಅಂದಳು. ಕೋಡಾದರೂ ಬಿಡು ಅಂತ ಬಡೇ ಅಬ್ಬಾ ಅಂಗಲಾಚಿದರು, ಬಿಡಲಿಲ್ಲ. ಮಾಂಸ ನಿಮ್ಮ ಪಾಲಿಗೆ, ನೀವೇ ತಿನ್ರಿ ಅಂದಳು. ಅಬ್ಬಾ ಮತ್ತು ಸಿದ್ರಾಮ ಹಸಿಗೆ ಮಾಡಿದರು. ಮಾಂಸವನ್ನು ದೇಗ್ಚಿಗೆ ತುಂಬಿ ಮೇಲೆ ಬಟ್ಟೆ ಕಟ್ಟಿದೆವು. ಅಲ್ಲೇ ಬೇಯಿಸುವ ಹುಮ್ಮಸ್ಸು ಯಾರಿಗೂ ಉಳಿದಿರಲಿಲ್ಲ.

ಜೀಪು ಊರಿನ ಕಡೆ ಹೊರಳಿತು. ಅಫಜಲಪುರ ಬರುವಷ್ಟರಲ್ಲಿ ಬಡೇ ಅಬ್ಬಾ ಆ ಗುಂಡು ಎಷ್ಟು ದೂರದಿಂದ ಹೊಡೆದದ್ದು ಅಂತ ಅಬ್ಬಾನನ್ನು ಕೇಳಲು ಶುರು ಮಾಡಿದ್ದರು. ಭೀಮಾ ಸೇತುವೆಯ ಮೇಲೆ ಹಿಂದಕ್ಕೆ ತಿರುಗಿ ನಮಗೆ ಹೇಳಿದರು.

"ಊರಾಗ ಯಾರಾರ ಕೇಳಿದ್ರ ಚಿಗರಿ ಅನ್ರಿ."

ಬಡೀ ಅಮ್ಮಾ ನನ್ನ ತೊಡೆ ಹಿಂಡಿದರು. ನಾನು ಬಹಳ ಮುಗ್ಧಳಾಗಿ ಕೇಳಿದೆ.

"ಕಾಸಿಂ ಮುತ್ಯಾ ಕೇಳಿದ್ರೂ ಚಿಗರಿನೇ ಅನ್ನಬೇಕೇನ್ರಿ?"

ಕಾಸಿಂ ಮುತ್ಯಾ ದಾದಾನ ಹಿಂದೆ ಬಂದೂಕು ಹೊತ್ತು ಹೋಗುತ್ತಿದ್ದ ಮುದುಕ. ನಮ್ಮ ಮನೆಯ ಪದ್ಧತಿಗಳೆಲ್ಲ ನಮಗಿಂತ ಅವನಿಗೇ ಚೆನ್ನಾಗಿ ಗೊತ್ತಿದ್ದವು.

"ಯಾರು ಕೇಳಿದ್ರೂ ಚಿಗರಿನೇ" ಅಂದರು ಬಡೇ ಅಬ್ಬಾ.

ನಮ್ಮ ಜೀಪು ಊರು ಹೊಕ್ಕಾಗ ದೀಪ ಹಚ್ಚುವ ಹೊತ್ತು. ಸಾಮಾನ್ಯವಾಗಿ ಬಡೇ ಅಬ್ಬಾ ಮನೆಯ ಹಿಂಭಾಗದಿಂದ ಇಳಿಯುತ್ತಿದ್ದರು. ಅವತ್ತು ಚಾವಡಿಯಿಂದಲೇ ಹಾರ್ನ್ ಹೊಡೆಸುತ್ತ ಬಂದರು. ಚಿಗರಿ ಬಿದ್ದದಂತ ಅಂತ ಸುದ್ದಿ ನಮಗಿಂತ ಮುಂದೆ ಓಡಿತು. ದೇಗ್ಚಿ ಇಳಿಸುವಷ್ಟರಲ್ಲಿ ಬಾಗಿಲ ಮುಂದೆ ಜನ ಸೇರಿದ್ದರು, ನೆರೆಹೊರೆಯ ಹೆಂಗಸರು ಬೋಗುಣಿ ಹಿಡಿದೇ ಬಂದಿದ್ದರು. ಮಾಂಸ ತಿನ್ನದ ಲಿಂಗಾಯತ ಮನೆಗಳ ಹಿರಿಯರು ಸಹ ಬರೀ ನೋಡಲು ಬಂದು ಕಟ್ಟೆಯ ಮೇಲೆ ಕೂತರು. ಕಾಸಿಂ ಮುತ್ಯಾ ಕೋಲೂರುತ್ತ ಬಂದು ದೇಗ್ಚಿಯ ಬಟ್ಟೆ ಸರಿಸಿ ಮೂಗು ಹತ್ತಿರ ಒಯ್ದ.

"ಕೋಡು ಎಲ್ಲಿ, ಸಾಹೇಬ್ರ?"

"ಜಂಗ್ಲಿ ಇಲಾಖೆಯವರ ಕಾಟ, ಮುತ್ಯಾ. ಅಲ್ಲೇ ಹೂತು ಬಂದ್ವಿ."

ಮುತ್ಯಾ ಇನ್ನೊಮ್ಮೆ ಮೂಸಿದ. ಹೋತದ ವಾಸನೆ ಮೂಗು ಕಟ್ಟಿದವನಿಗೂ ಗೊತ್ತಾಗುವಂಥದ್ದು. ಮುತ್ಯಾ ಬಡೇ ಅಬ್ಬಾನ ಮುಖ ನೋಡಿದ, ನೆರೆದ ಬೋಗುಣಿಗಳನ್ನು ನೋಡಿದ, ಬಟ್ಟೆ ಮತ್ತೆ ಮುಚ್ಚಿದ.

"ಕೊಬ್ಬಿದ ಚಿಗರಿ" ಅಂದ. "ಎಷ್ಟೋ ವರ್ಷದ ಮ್ಯಾಲ ಈ ಬಾಗಿಲಿಗಿ ಬಂತು. ಮುರಾದು ಬೇಡ್ರಿ ಯಾರಾರ. ಬೇಡದ ಒಳಗ ಒಯ್ಯಂಗಿಲ್ಲ."

ಬಡೇ ಅಬ್ಬಾಗೆ ಮುರಾದು ನೆನಪೇ ಇರಲಿಲ್ಲ, ಅದು ಅವರ ಮುಖದಲ್ಲಿ ಕಂಡಿತು. ಹೆಂಡತಿಯ ಕಡೆ ನೋಡಿದರು. ಬಡೀ ಅಮ್ಮಾ ಹಿಂದೆ ಸರಿದು ನನ್ನನ್ನು ಮುಂದೆ ದೂಡಿದರು. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

"ನನಗ ಹೈಸ್ಕೂಲು ಬೇಕು, ಬಡೇ ಅಬ್ಬಾ."

ಜನ ನಕ್ಕರು. ಬುಗುಡಿ, ಗೆಜ್ಜೆ ಬೇಡುತ್ತಾಳೆ ಅಂದುಕೊಂಡಿದ್ದರು. ಬಡೇ ಅಬ್ಬಾನೂ ನಕ್ಕು, ನನ್ನ ತಲೆಯ ಮೇಲೆ ಕೈಯಿಟ್ಟರು.

"ಬ್ಯಾರೇ ಏನಾರ ಕೇಳು ಬೇಟಿ. ಬೆಳ್ಳಿ ಗೆಜ್ಜಿ ಕೇಳು."

"ಗೆಜ್ಜಿ ಬ್ಯಾಡ್ರಿ. ಚಿಗರಿ ಬಿದ್ದಿಲ್ಲ ಅಂದ್ರ ನಾ ಏನೂ ಕೇಳಂಗಿಲ್ಲ. ಸುಮ್ಮ ಒಳಗ ಹೋಗ್ತೀನಿ. ಬಿದ್ದದೋ ಇಲ್ಲೋ, ನೀವೇ ಹೇಳ್ರಿ."

ತಲೆಯ ಮೇಲಿನ ಕೈ ಭಾರವಾಯಿತು. ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟರು. ನಾನು ರೆಪ್ಪೆ ಬಡಿಯಲಿಲ್ಲ. ಜೀಪಿನ ಹತ್ತಿರ ಸಿದ್ರಾಮ ಕೆಮ್ಮಿದ. ಒಂದು ಮಾತು ಸಾಕಿತ್ತು ಅವರಿಗೆ, ಇದು ಹೋತ ಅಂತ. ಆ ಮಾತು ಆಡಿದರೆ ನನ್ನ ಶಾಲೆ ಹೋಗುತ್ತಿತ್ತು, ಅವರದು ಮೀಸೆ ಹೋಗುತ್ತಿತ್ತು. ಅವರಿಗೆ ಯಾವುದು ಹೆಚ್ಚೆಂದು ನನಗೆ ಗೊತ್ತಿದ್ದರೂ, ಅದು ಅವರ ಬಾಯಿಂದ ಬರುವವರೆಗೆ ನಾನು ಹೊಸ್ತಿಲಿನಿಂದ ಕದಲುವಂತಿರಲಿಲ್ಲ.

"ಹೇಳ್ರಿ ಸಾಹೇಬ್ರ" ಅಂದ ಕಾಸಿಂ ಮುತ್ಯಾ. "ಮಂದಿ ಬೋಗುಣಿ ಹಿಡದು ನಿಂತದ."

"ಬಿದ್ದದ" ಅಂದರು ಬಡೇ ಅಬ್ಬಾ.

"ಹಂಗಾದ್ರ ನಾನು, ಶಮೀಮ್, ಇಬ್ಬರೂ. ಜೇವರ್ಗಿ ಹೈಸ್ಕೂಲಿಗಿ. ಬಸ್ಸಿನಾಗ. ಹತ್ತನೇ ಇಯತ್ತೆ ಮುಗಿಯೋತನಕ. ನಡುವ ಬಿಡಿಸಂಗಿಲ್ಲ."

ಮಾತು ಹಿಡಿಯುವಾಗ ತುದಿ ಬಿಟ್ಟುಕೊಡಬಾರದು. ಬರೀ ಶಾಲೆ ಅಂದಿದ್ದರೆ, ಶಾಲೆಗೆ ಹೋಗು ಆದರೆ ಬಸ್ಸು ಹತ್ತಬೇಡ ಅನ್ನುತ್ತಿದ್ದರು. ಬಸ್ಸು ಅಂದು ನಿಲ್ಲಿಸಿದ್ದರೆ, ಎಂಟನೆಯದು ಮುಗಿಯುತ್ತಲೇ ಸಾಕು ಅನ್ನುತ್ತಿದ್ದರು. ಇವತ್ತು ಸೊಲ್ಲಾಪುರದ ಸಗಟು ವ್ಯಾಪಾರಿಗಳ ಹತ್ತಿರ ಕೂತು ಮಾತಾಡುವಾಗ ಬಣ್ಣ ಹೋದರೆ ಯಾರ ಜವಾಬ್ದಾರಿ, ಹೊಲಿಗೆ ಬಿಚ್ಚಿದರೆ ಯಾರ ಜವಾಬ್ದಾರಿ ಅಂತ ಒಂದೊಂದಾಗಿ ಬಾಯಿಬಿಡಿಸುತ್ತೇನೆ. ಅವರು ಇದನ್ನೆಲ್ಲ ಎಲ್ಲಿ ಕಲಿತಿರಿ ಬಾಯೀ ಅನ್ನುತ್ತಾರೆ. ಮನೆಯಲ್ಲಿ ಅನ್ನುತ್ತೇನೆ.

"ಹೋಗ್ಲಿ" ಅಂದರು ಬಡೇ ಅಬ್ಬಾ, ನನ್ನ ಕಡೆ ನೋಡದೆ. ನಾನು ಹೊಸ್ತಿಲು ಬಿಟ್ಟೆ.

ಮಾಂಸ ಬೇಯಲು ಬಹಳ ಹೊತ್ತು ಹಿಡಿಯಿತು. ಅಮ್ಮ ಒಲೆಗೆ ಕಟ್ಟಿಗೆ ದೂಡುತ್ತ, ಈ ಚಿಗರಿಗೆ ವಯಸ್ಸು ಭಾಳ ಆಗಿತ್ತು ಅಂದಳು ನನ್ನ ಕಿವಿಯಲ್ಲಿ. ದಿವಾನಖಾನೆಯಲ್ಲಿ ದಸ್ತರಖಾನು ಹಾಸಿ ಊರ ಗಂಡಸರನ್ನೆಲ್ಲ ಕೂರಿಸಿದ್ದರು. ಒಬ್ಬೊಬ್ಬರೂ ಬಾಯಿ ಚಪ್ಪರಿಸಿ, ಚಿಗರಿಯ ರುಚಿಯೇ ಬೇರೆ, ಆಡಿನ ಮಾಂಸಕ್ಕೆ ಇದು ಬರುವುದಿಲ್ಲ ಅಂದರು. ರೊಟ್ಟಿ ಬಡಿಸಲು ಹೋದ ನಾನು ನೋಡುತ್ತಲೇ ಇದ್ದೆ. ಮೊದಲ ತುತ್ತಿಗೆ ಬಡೇ ಅಬ್ಬಾ ಸ್ವಲ್ಪ ಅಂಜಿದರು. ಎರಡನೆಯದಕ್ಕೆ ತಲೆದೂಗಿದರು. ಆಮೇಲೆ ಅಬ್ಬಾನ ಕಡೆ ತಿರುಗಿ, ನಾನು ಹೇಳಿರಲಿಲ್ಲೇನು, ಗುಡ್ಡದ ಚಿಗರಿಗೂ ಹೊಲದ ಚಿಗರಿಗೂ ಎಷ್ಟು ಫರಕು ಅಂತ, ಅಂದರು. ಅಬ್ಬಾ, ಭಾರಿ ಫರಕು ಅದ ಭಾಯಿಜಾನ್ ಅಂದರು. ಅವರು ನಾಟಕ ಮಾಡುತ್ತಿರಲಿಲ್ಲ. ನಂಬಿಬಿಟ್ಟಿದ್ದರು. ತಾವೇ ಕೊರಳಿನ ಗಂಟೆ ಬಿಚ್ಚಿದ ಹೋತವನ್ನು ಚಿಗರಿಯೆಂದು ನಂಬಿ ಎಲುಬು ಚೀಪುತ್ತಿದ್ದರು.

ಕೊಟ್ಟ ಮಾತಿನಂತೆ ಶಹಜಾದಾ ಮರುದಿನವೇ ಸಿದ್ರಾಮನ ಜೀಪಿನಲ್ಲಿ ಮಾಳವ್ವನ ಹತ್ತಿರ ಹೋಯಿತು. ಶಾಲೆ ಶುರುವಾದ ದಿನ ಬೆಳಿಗ್ಗೆ ಶಮೀಮ್ ಮತ್ತು ನಾನು ಬಸ್ ನಿಲ್ದಾಣಕ್ಕೆ ನಡೆದು ಹೋದೆವು. ಜೊತೆಗೆ ಗಂಡಸರು ಯಾರೂ ಬರಲಿಲ್ಲ, ನಾವು ಕರೆದಿರಲೂ ಇಲ್ಲ. ಬಸ್ಸು ತುಂಬಿತ್ತು, ಕಂಬಿ ಹಿಡಿದು ನಿಂತೆವು. ಕಂಡಕ್ಟರ್ ಜನರ ನಡುವೆ ನುಸುಳಿಕೊಂಡು ಬಂದು, ಗುರುತು ಸಿಗದೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

"ಯಾರ ಮನಿಯವ್ರವಾ ನೀವು?"

ಶಮೀಮ್ ಬೆನ್ನು ನೆಟ್ಟಗೆ ಮಾಡಿ,

"ಜಾಗೀರದಾರರ ಮನಿಯವ್ರು" ಅಂದಳು.

"ಎರಡು ಜೇವರ್ಗಿ ಕೊಡ್ರಿ" ಅಂದೆ ನಾನು.